ರಿಯರ್ ಸೈಟ್ ಒಂದೇ ಕಡೆ ಓಡುತ್ತಿದೆಯೇ? ಬಿಚ್ಚಿ ಜೋಡಿಸಿದ ಏರ್ ರೈಫಲ್‌ನ ಓರೆ ಹಿಡಿಯುವ ಬಗೆ

10 ಮೀಟರ್ ಏರ್ ರೈಫಲ್ ಒಂದನ್ನು ಶುಚಿ ಮಾಡಲೆಂದೋ, ಸ್ಟಾಕ್ (ಹೆಗಲಿಗಿಟ್ಟು ಹಿಡಿಯುವ ಭಾಗ) ಬದಲಿಸಲೆಂದೋ, ಬ್ಯಾರೆಲ್ ಮೇಲಿನ ತೋಳು (ಹೊರಗಿನ ಕೊಳವೆ) ಬದಲಿಸಲೆಂದೋ ಬಿಚ್ಚಿ ಮತ್ತೆ ಜೋಡಿಸಿದ್ದೀರಿ. ರೇಂಜ್‌ಗೆ ಹೋಗಿ ಹೊಡೆದರೆ ಪೆಲೆಟ್‌ಗಳೆಲ್ಲ ಎಡಕ್ಕೆ. ಸೈಟಿನ ಗುಂಡಿಯನ್ನು ಒಂದೊಂದೇ ಕ್ಲಿಕ್ ತಿರುಗಿಸುತ್ತೀರಿ, ಇನ್ನೂ ಎಡಕ್ಕೆ. ಮತ್ತೆ ತಿರುಗಿಸುತ್ತೀರಿ. ಕೊನೆಗೆ ಗುಂಡಿ ಇನ್ನು ತಿರುಗುವುದೇ ಇಲ್ಲ ಎನ್ನುವ ಹಂತಕ್ಕೆ ಬರುತ್ತದೆ. ಅಥವಾ ಹೇಗೋ ಟಾರ್ಗೆಟ್‌ನ ನಡುವಿನ ಹತ್ತಕ್ಕೆ ಬರುತ್ತದೆ, ಆದರೆ ರಿಯರ್ ಸೈಟ್ (ಕಣ್ಣಿನ ಬಳಿಯ ಗುರಿಕಿಂಡಿ) ಕಣ್ಣಿಗೆ ಕಾಣುವಷ್ಟು ಒಂದು ಬದಿಗೆ ಸರಿದು ಕೂತಿರುತ್ತದೆ.

ಹತ್ತಕ್ಕೆ ಬಂತಲ್ಲ ಎಂದು ಅಲ್ಲಿಗೇ ಬಿಡುವವರು ಬಹಳ. ಬಿಡಬಾರದು. ಸೈಟಿನ ಗುಂಡಿ ಇರುವುದು ಬೆಳಕು, ಪೆಲೆಟ್, ನಿಲುವು ಬದಲಾದಾಗ ಒಂದೆರಡು ಮಿಲಿಮೀಟರ್ ಸರಿಪಡಿಸುವುದಕ್ಕೆ. ಜೋಡಣೆಯ ಓರೆಯನ್ನು ಮುಚ್ಚುವ ಕೆಲಸ ಅದರದ್ದಲ್ಲ. ಓರೆ ಉಳಿದ ರೈಫಲ್‌ನಲ್ಲಿ ಸಡಿಲವಾದ ಸ್ಕ್ರೂ ಯಾವುದು, ನಿಮ್ಮ ನಿಲುವಿನ ತಪ್ಪು ಯಾವುದು, ಪೆಲೆಟ್‌ನ ದೋಷ ಯಾವುದು ಎಂದು ಬೇರ್ಪಡಿಸುವುದು ಮುಂದೆ ಅಸಾಧ್ಯವಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಗಾಳಿ ಸಿಲಿಂಡರ್ ಇರುವ 4.5 ಮಿ.ಮೀ. ಮ್ಯಾಚ್ ರೈಫಲ್‌ಗಳಿಗೆ, ಅಂದರೆ ಫೈನ್‌ವೆರ್ಕ್‌ಬಾವ್, ವಾಲ್ಟರ್, ಆನ್‌ಷುಟ್ಜ್, ಸ್ಟೈರ್ ಬಗೆಯವಕ್ಕೆ. ಮಡಚುವ ಬ್ಯಾರೆಲ್‌ನ ಸ್ಪ್ರಿಂಗ್ ರೈಫಲ್‌ಗೆ ಬೇಕಾದ ಮಾತು ಕೊನೆಯ ಭಾಗದಲ್ಲಿದೆ. ಮದ್ದಿನ ಬಂದೂಕಿಗೆ ಇದು ಯಾವುದೂ ಅಲ್ಲ. ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು, ಮಾರ್ಪಡಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಮುಟ್ಟುವ ಮುನ್ನ

ಬ್ರೀಚ್ (ಪೆಲೆಟ್ ಹಾಕುವ ಬಾಯಿ) ತೆರೆಯಿರಿ, ಒಳಗೆ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ. ಬಣ್ಣದ ಸೇಫ್ಟಿ ದಾರವನ್ನು ಬ್ರೀಚ್‌ನಿಂದ ತುದಿಯವರೆಗೆ ಪೂರ್ತಿ ಹಾಯಿಸಿ. ದಾರದ ಎರಡೂ ತುದಿ ಹೊರಗೆ ಕಂಡರೆ ಬ್ಯಾರೆಲ್ ಖಾಲಿ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಸಿಲಿಂಡರ್ ಕಳಚಿ. ಅದನ್ನು ಬರಿಗೈಯಲ್ಲೇ ತಿರುಗಿಸಿ ಬಿಚ್ಚಬೇಕು. ಪಾನಾ ಹಾಕಬೇಕಾದ ಸ್ಥಿತಿ ಬಂದಿದೆ ಎಂದರೆ ಒಳಗೆ ಏನೋ ಕೆಟ್ಟಿದೆ, ಬಲವಂತ ಬೇಡ. ತುಂಬಿದ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ. ಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ, ಉರುಳಿ ಬೀಳದಂತೆ ಇಡಿ. ಕೈಯಲ್ಲಿದ್ದಾಗಲೇ ಅದರ ಮೇಲೆ ಒತ್ತಿರುವ ತಯಾರಿಕೆಯ ದಿನಾಂಕ ಓದಿ. ಬಳಕೆಯ ಅವಧಿ ಮುಗಿದ ಸಿಲಿಂಡರ್ ಎಷ್ಟೇ ಹೊಸದಾಗಿ ಕಂಡರೂ ಮತ್ತೆ ತುಂಬಿಸಬಾರದು.

ಸಿಲಿಂಡರ್ ತೆಗೆದ ಮೇಲೂ ಒಳಗಿನ ಕೋಣೆಯಲ್ಲಿ ಒಂದೆರಡು ಹೊಡೆತದ ಗಾಳಿ ಉಳಿದಿರಬಹುದು. ಸುರಕ್ಷಿತ ದಿಕ್ಕಿಗೆ ಹಿಡಿದು, ಸೇಫ್ಟಿ ದಾರ ಹೊರಗೆ ತೆಗೆದು, ಸದ್ದು ಪೂರ್ತಿ ನಿಲ್ಲುವವರೆಗೆ ಖಾಲಿ ಟ್ರಿಗರ್ ಒತ್ತಿ. ಡ್ರೈ ಫೈರ್ (ಗಾಳಿ ಬಿಡದೆ ಟ್ರಿಗರ್ ಅಭ್ಯಾಸ ಮಾಡುವ) ಸ್ಥಿತಿ ಇದ್ದರೆ ಅದನ್ನು ಬಿಟ್ಟು ಮಾಮೂಲಿ ಸ್ಥಿತಿಯಲ್ಲಿ ಒತ್ತಬೇಕು, ಇಲ್ಲದಿದ್ದರೆ ವಾಲ್ವ್ ತೆರೆಯುವುದಿಲ್ಲ. ಬಳಿಕ ದಾರ ಮತ್ತೆ ಹಾಕಿ.

ಮೂರು ಜಾಗ ಮನೆಯಲ್ಲಿ ಬಿಚ್ಚುವಂಥವಲ್ಲ: ಗಾಳಿಯ ಒತ್ತಡ ಸಮನಾಗಿಡುವ ರೆಗ್ಯುಲೇಟರ್, ಫೈರಿಂಗ್ ವಾಲ್ವ್, ಮತ್ತು ಬ್ಯಾರೆಲ್ ರಿಸೀವರ್‌ಗೆ (ರೈಫಲ್‌ನ ನಡುವಿನ ಲೋಹದ ಒಡಲಿಗೆ) ಸೇರುವ ಕೀಲು. ಆ ಕೀಲನ್ನು ಕಾರ್ಖಾನೆಯಲ್ಲಿ ಗೇಜ್ ಇಟ್ಟು ಕೂರಿಸಿರುತ್ತಾರೆ. ಅದರಲ್ಲಿ ದೋಷ ಇದೆ ಎಂದು ಗೊತ್ತಾಗುವುದು ಹೇಗೆ ಎಂಬುದು ಮುಂದೆ ಬರುತ್ತದೆ; ಗೊತ್ತಾದ ಮೇಲೆ ಕೆಲಸ ಆರ್ಮರರ್‌ದು, ಅಂದರೆ ಬಂದೂಕು ರಿಪೇರಿಯ ತಜ್ಞರದು.

ಬೇಕಾದ ಸಾಮಾನು

1ರಿಂದ 6 ನ್ಯೂಟನ್ ಮೀಟರ್ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್. ಮೊನೆ ಸವೆಯದ ಅಲೆನ್ ಕೀಗಳು. 30 ಸೆಂ.ಮೀ. ಉದ್ದದ ಎರಡು ಉಕ್ಕಿನ ಸ್ಕೇಲ್, ಎರಡೂ ಒಂದೇ ಬಗೆಯವು, ಬಾಗಿರಬಾರದು. ಸಣ್ಣ ರಸಮಟ್ಟ. ದಾರ ಮತ್ತು ಒಂದು ನಟ್ಟು, ತೂಗುಗುಂಡಿನ ಹಾಗೆ ಇಳಿಬಿಡಲು. ವರ್ನಿಯರ್ ಇದ್ದರೆ ಒಳ್ಳೆಯದು. ತೆಳು ಕಾಗದ, ಪೆನ್ಸಿಲ್, ಬಿಳಿ ಅಂಟುಪಟ್ಟಿ, ನೋಟ್‌ಬುಕ್. ರೈಫಲ್ ಹಿಡಿದಿಡಲು ರಬ್ಬರ್ ಅಥವಾ ಮೃದು ಮರದ ತುಟಿ ಹಾಕಿದ ವೈಸ್. ವೈಸ್‌ನಲ್ಲಿ ಸ್ಟಾಕನ್ನು ಹಿಡಿಸಬೇಕೇ ಹೊರತು ಬ್ಯಾರೆಲ್ ಅಥವಾ ತೋಳನ್ನು ಎಂದಿಗೂ ಅಲ್ಲ.

ಟಾರ್ಕ್ ಸ್ಕ್ರೂಡ್ರೈವರ್ ದುಬಾರಿ ಎಂದು ಬಿಟ್ಟುಬಿಡುವ ಮನಸ್ಸಾಗುತ್ತದೆ. ಕ್ಲಬ್‌ನಲ್ಲಿ ನಾಲ್ಕು ಜನ ಸೇರಿ ಒಂದನ್ನು ಕೊಂಡರೂ ಸಾಕು, ಆದರೆ ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅಲ್ಯುಮಿನಿಯಂನಲ್ಲಿ ಕೊರೆದ ಮರೆ (ಸ್ಕ್ರೂ ಕಚ್ಚುವ ಸುರುಳಿ ಗೆರೆ) ಒಮ್ಮೆ ಕಿತ್ತು ಬಂದರೆ ಅದರ ದುರಸ್ತಿಗೆ ತಗಲುವ ಖರ್ಚು ಸಾಧನದ ಬೆಲೆಯನ್ನು ಮೀರುತ್ತದೆ.

ಎರಡು ಡಿಗ್ರಿ ಎಂದರೆ ಎಷ್ಟು?

ಓರೆ ಹಿಡಿಯುವ ಮೊದಲು ಅದರ ಲೆಕ್ಕ ತಲೆಯಲ್ಲಿ ಇರಲಿ. ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ. ವ್ಯಾಸದ್ದು, ಒಂಬತ್ತರ ಉಂಗುರ 5.5 ಮಿ.ಮೀ., ಪೂರ್ತಿ ಕಪ್ಪು ಭಾಗ 30.5 ಮಿ.ಮೀ. ಅಂದರೆ ಕೇಂದ್ರದಿಂದ ಪ್ರತಿ 2.5 ಮಿ.ಮೀ. ದೂರ ಹೋದ ಹಾಗೆ ಒಂದು ಅಂಕ ಹೋಗುತ್ತದೆ.

ಬ್ಯಾರೆಲ್‌ನ ನಡುವಿನಿಂದ ಅದರ ತುದಿಯಲ್ಲಿರುವ ಫ್ರಂಟ್ ಸೈಟಿನ ನಡುವಿಗೆ 50 ಮಿ.ಮೀ. ಎತ್ತರ, ಎರಡು ಸೈಟ್‌ಗಳ ನಡುವೆ 750 ಮಿ.ಮೀ. ದೂರ ಎಂದು ಇಟ್ಟುಕೊಳ್ಳಿ. ಫ್ರಂಟ್ ಸೈಟ್ ಕೂರುವ ಬ್ಲಾಕ್ ಬ್ಯಾರೆಲ್ ಸುತ್ತ ಬರೀ 2 ಡಿಗ್ರಿ ಬಲಕ್ಕೆ ತಿರುಗಿದರೆ ಸೈಟ್ 1.75 ಮಿ.ಮೀ. ಬಲಕ್ಕೆ ಸರಿಯುತ್ತದೆ. ಅಷ್ಟು ಓರೆ ಬರಿಗಣ್ಣಿಗೆ ಗೊತ್ತಾಗುವುದೇ ಕಷ್ಟ. ಆದರೆ ಟಾರ್ಗೆಟ್‌ನಲ್ಲಿ ಅದು 25 ಮಿ.ಮೀ. ಆಗುತ್ತದೆ: ಕಪ್ಪು ದಾಟಿ ಒಂದನೇ ಉಂಗುರದ ಅಂಚಿಗೆ. ದಿಕ್ಕು ನೆನಪಿರಲಿ, ಫ್ರಂಟ್ ಸೈಟ್ ಬಲಕ್ಕೆ ವಾಲಿದರೆ ಪೆಲೆಟ್ ಎಡಕ್ಕೆ. ಅದನ್ನು ಸರಿದೂಗಿಸಲು ರಿಯರ್ ಸೈಟನ್ನು ಬಲಕ್ಕೆ ಒಯ್ಯಬೇಕಾಗುತ್ತದೆ. ಹಾಗಾಗಿ ರಿಯರ್ ಸೈಟ್ ಯಾವ ಬದಿಗೆ ಓಡಿ ಕೂತಿದೆಯೋ, ಫ್ರಂಟ್ ಬ್ಲಾಕ್ ಸಾಮಾನ್ಯವಾಗಿ ಅದೇ ಬದಿಗೆ ವಾಲಿರುತ್ತದೆ. ಈ ಒಂದು ಸುಳಿವಿನಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ.

ಇಡೀ ರೈಫಲನ್ನೇ ಓರೆಯಾಗಿ ಹಿಡಿಯುವುದು ಬೇರೆ ವಿಷಯ. ಶೂಟರ್‌ಗಳು ಕ್ಯಾಂಟ್ ಎನ್ನುವುದು ಇದನ್ನೇ. ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 18 ಮಿ.ಮೀ. ಕೆಳಗೆ ಇಳಿಯುತ್ತದೆ. ರೈಫಲ್ 5 ಡಿಗ್ರಿ ಬಲಕ್ಕೆ ವಾಲಿದರೆ ಪೆಲೆಟ್ ಸುಮಾರು 1.5 ಮಿ.ಮೀ. ಬಲಕ್ಕೆ ಬೀಳುತ್ತದೆ, ಅಷ್ಟೆ. ಬ್ಲಾಕ್ ತಿರುಗಿದಾಗಿನ 25 ಮಿ.ಮೀ. ಮುಂದೆ ಇದು ಏನೂ ಅಲ್ಲ. ಆದ್ದರಿಂದ ಗ್ರೂಪ್ (ಒಟ್ಟಿಗೆ ಬಿದ್ದ ಹೊಡೆತಗಳ ಗುಂಪು) ಇಡಿಯಾಗಿ ಕಪ್ಪಿನ ಅಂಚಿಗೆ ಹೋಗಿದ್ದರೆ ನಿಮ್ಮ ಹಿಡಿತವನ್ನು ಶಂಕಿಸಬೇಡಿ, ಜೋಡಣೆಯನ್ನು ನೋಡಿ.

ಮೊದಲ ಹೆಜ್ಜೆ: ಸೈಟನ್ನು ನಡುವಿಗೆ ತನ್ನಿ

ರಿಯರ್ ಸೈಟಿನ ಪಕ್ಕದ ಗುಂಡಿಯನ್ನು ಒಂದು ಕೊನೆಗೆ ಮೆತ್ತಗೆ ಒಯ್ಯಿರಿ. ಬಿಗಿಯಾದ ಕೂಡಲೇ ನಿಲ್ಲಿಸಿ, ಒತ್ತಬೇಡಿ. ಅಲ್ಲಿಂದ ಇನ್ನೊಂದು ಕೊನೆಯವರೆಗೆ ಎಷ್ಟು ಸುತ್ತು, ಎಷ್ಟು ಕ್ಲಿಕ್ ಎಂದು ಎಣಿಸಿ ಬರೆದುಕೊಳ್ಳಿ. ಅದರ ಅರ್ಧ ಹಿಂದಕ್ಕೆ ಬನ್ನಿ. ಇದು ಯಾಂತ್ರಿಕ ನಡು. ಹೊಸದಾಗಿ ಜೋಡಿಸಿದ ರೈಫಲ್‌ನಲ್ಲಿ ಎಲ್ಲವೂ ನೆಟ್ಟಗಿದ್ದರೆ ಈ ನಡುವಿನ ಆಚೀಚೆ ಒಂದೆರಡು ಸುತ್ತಿನೊಳಗೆ ಹತ್ತು ಸಿಗಬೇಕು.

ಇದಕ್ಕೂ ಮುಂಚೆ ಹಳೆಯ ಸ್ಥಾನ ಯಾವುದಿತ್ತು ಎಂದು ಬರೆದಿಟ್ಟುಕೊಳ್ಳಲು ಮರೆಯಬೇಡಿ. ಪ್ರಯತ್ನ ಕೆಟ್ಟರೆ ಹಿಂದಿರುಗಲು ಅದೊಂದೇ ದಾರಿ.

ಎರಡನೇ ಹೆಜ್ಜೆ: ಎರಡು ಸ್ಕೇಲ್‌ಗಳ ಪರೀಕ್ಷೆ

ಇಡೀ ಕೆಲಸದ ತಿರುಳು ಇಲ್ಲಿದೆ. ಹಲಗೆ ತಿರುಚಿಕೊಂಡಿದೆಯೇ ಎಂದು ನೋಡಲು ಬಡಗಿಗಳು ಅದರ ಎರಡು ತುದಿಯಲ್ಲಿ ಎರಡು ನೇರ ಪಟ್ಟಿ ಅಡ್ಡಲಾಗಿಟ್ಟು ಹಿಂದಿನಿಂದ ಕಣ್ಣು ಹಾಯಿಸುತ್ತಾರಲ್ಲ, ಅದೇ ಉಪಾಯ.

ರೈಫಲನ್ನು ವೈಸ್‌ನಲ್ಲಿ ಹಿಡಿಸಿ, ಎರಡೂ ಸೈಟ್‌ಗಳನ್ನು ಕಳಚಿ. ರಿಸೀವರ್ ಮೇಲೆ ರಿಯರ್ ಸೈಟ್ ಕೂರುವ 11 ಮಿ.ಮೀ. ಹಳಿಯನ್ನು ಒರೆಸಿ. ಒಂದು ಕೂದಲೆಳೆಯಷ್ಟು ಕಸವೂ ಲೆಕ್ಕ ಕೆಡಿಸುತ್ತದೆ. ಒಂದು ಸ್ಕೇಲನ್ನು ಆ ಹಳಿಯ ಮೇಲೆ ಅಡ್ಡಲಾಗಿ, ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿ ರಬ್ಬರ್ ಬ್ಯಾಂಡಿನಿಂದ ಹಿಡಿಸಿ. ಎಡಕ್ಕೂ ಬಲಕ್ಕೂ ಸಮನಾಗಿ 15 ಸೆಂ.ಮೀ. ಹೊರಗೆ ಚಾಚಿರಬೇಕು. ಇನ್ನೊಂದು ಸ್ಕೇಲನ್ನು ಮುಂದೆ, ಫ್ರಂಟ್ ಸೈಟ್ ಕೂರುವ ಬ್ಲಾಕಿನ ಹಳಿಯ ಮೇಲೆ ಹಾಗೆಯೇ ನಿಲ್ಲಿಸಿ.

ಈಗ ರೈಫಲ್ ಹಿಂದೆ ಎರಡು ಮೀಟರ್ ದೂರ ಸರಿದು ಒಂದೇ ಕಣ್ಣಿನಿಂದ ನೋಡಿ. ಹಿಂದಿನ ಸ್ಕೇಲಿನ ಮೇಲಂಚು ಮುಂದಿನದರ ಮೇಲಂಚನ್ನು ಮುಚ್ಚುವಂತೆ ತಲೆ ಏರಿಸಿ ಇಳಿಸಿ. ಎರಡೂ ಅಂಚು ಒಂದೇ ಗೆರೆಯಾಗಿ ಕೂತರೆ ಬ್ಲಾಕ್ ಸರಿಯಾಗಿದೆ. ಒಂದು ಬದಿಯಲ್ಲಿ ಬೆಣೆಯ ಹಾಗೆ ಸಂದು ಕಂಡರೆ ಓರೆ ಇದೆ. 30 ಸೆಂ.ಮೀ. ಸ್ಕೇಲಿನಲ್ಲಿ 2 ಡಿಗ್ರಿಗೆ ಈ ಕೊನೆಯಿಂದ ಆ ಕೊನೆಗೆ ಸುಮಾರು 10 ಮಿ.ಮೀ. ವ್ಯತ್ಯಾಸ, ಅರ್ಧ ಡಿಗ್ರಿಗೆ ಎರಡೂವರೆ ಮಿ.ಮೀ. ಬರುತ್ತದೆ. ಅರ್ಧ ಡಿಗ್ರಿಯನ್ನೂ ಕಣ್ಣು ಸುಲಭವಾಗಿ ಹಿಡಿಯುತ್ತದೆ. ಅದು ಟಾರ್ಗೆಟ್‌ನಲ್ಲಿ 6 ಮಿ.ಮೀ. ತಪ್ಪು ಎಂಬುದನ್ನು ನೆನೆದರೆ ಇಷ್ಟು ಶ್ರದ್ಧೆ ಏಕೆ ಬೇಕೆಂದು ತಿಳಿಯುತ್ತದೆ.

ರಸಮಟ್ಟವೊಂದನ್ನೇ ನಂಬಿ ಈ ಕೆಲಸ ಮಾಡುವವರಿದ್ದಾರೆ: ರಿಸೀವರ್ ಮೇಲೆ ಇಟ್ಟು ನೋಡುವುದು, ಮತ್ತೆ ಬ್ಲಾಕ್ ಮೇಲೆ ಇಟ್ಟು ನೋಡುವುದು. ಅಂಗಡಿಯಲ್ಲಿ ಸಿಗುವ ಸಣ್ಣ ಮಟ್ಟದ ಗುಳ್ಳೆ ಅರ್ಧ ಡಿಗ್ರಿಯನ್ನು ತೋರಿಸಿದರೆ ಹೆಚ್ಚು, ಅದೂ 11 ಮಿ.ಮೀ. ಅಗಲದ ಹಳಿಯ ಮೇಲೆ ಅಲುಗದೆ ಕೂರುವುದಿಲ್ಲ. ರೈಫಲನ್ನು ವೈಸ್‌ನಲ್ಲಿ ಸುಮಾರಾಗಿ ನೆಟ್ಟಗೆ ನಿಲ್ಲಿಸಲು ಮಟ್ಟ ಬಳಸಿ, ತೀರ್ಪು ಸ್ಕೇಲ್‌ಗಳಿಂದಲೇ ಬರಲಿ.

ಮೂರನೇ ಹೆಜ್ಜೆ: ಬ್ಲಾಕ್ ತಿರುಗಿಸಿ ಬಿಗಿಸುವುದು

ಬಹುತೇಕ ಮ್ಯಾಚ್ ರೈಫಲ್‌ಗಳಲ್ಲಿ ಬ್ಯಾರೆಲ್ ಮೇಲೆ ಅಲ್ಯುಮಿನಿಯಂ ತೋಳು, ಅದರ ತುದಿಯಲ್ಲಿ ಫ್ರಂಟ್ ಸೈಟಿನ ಬ್ಲಾಕ್ ಇರುತ್ತದೆ. ಬ್ಲಾಕ್ ಹಿಡಿದಿರುವುದು ಸೀಳುಬಾಯಿಯ ಕ್ಲಾಂಪ್‌ನಿಂದ ಇಲ್ಲವೇ ಕೆಳಗಿನಿಂದ ಬರುವ ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂಗಳಿಂದ. ಯಾವುದೆಂದು ಮೊದಲು ನೋಡಿ, ಏಕೆಂದರೆ ಎರಡೂ ಬೇರೆ ಬೇರೆ ರೀತಿಯಲ್ಲಿ ಓರೆಯಾಗುತ್ತವೆ.

ಸ್ಕ್ರೂ ಸಡಿಲಿಸುವ ಮುನ್ನ ಬ್ಲಾಕ್ ಮತ್ತು ತೋಳಿನ ಮೇಲೆ ಹಾದುಹೋಗುವಂತೆ ಅಂಟುಪಟ್ಟಿ ಹಚ್ಚಿ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಪಟ್ಟಿಯನ್ನು ಸಂದಿನಲ್ಲಿ ಬ್ಲೇಡಿನಿಂದ ಕತ್ತರಿಸಿದರೆ ಎರಡು ಅರ್ಧ ಗೆರೆಗಳು ಉಳಿಯುತ್ತವೆ. ಎಷ್ಟು ತಿರುಗಿತು ಎಂಬುದಕ್ಕೆ ಅದೇ ಸಾಕ್ಷಿ. 25 ಮಿ.ಮೀ. ವ್ಯಾಸದ ತೋಳಿನಲ್ಲಿ 1 ಡಿಗ್ರಿ ಎಂದರೆ ಗೆರೆ ಸರಿಯುವುದು 0.2 ಮಿ.ಮೀ. ಮಾತ್ರ. ಹಾಗಾಗಿ ಗೆರೆ ತೆಳ್ಳಗಿರಲಿ.

ಸ್ಕ್ರೂಗಳನ್ನು ಬ್ಲಾಕ್ ಕೈಗೆ ಬಿಗಿಯಾಗಿಯೇ ತಿರುಗುವಷ್ಟು ಮಾತ್ರ ಸಡಿಲಿಸಿ. ಪೂರ್ತಿ ಬಿಟ್ಟರೆ ಬ್ಲಾಕ್ ಹಿಂದೆ ಮುಂದೆಯೂ ಜಾರುತ್ತದೆ, ಆಗ ಎರಡು ಹೊಂದಾಣಿಕೆ ಒಟ್ಟಿಗೆ ಮಾಡಬೇಕಾಗುತ್ತದೆ. ಸ್ಕೇಲ್‌ಗಳು ಅವುಗಳ ಜಾಗದಲ್ಲೇ ಇರಲಿ. ಒಬ್ಬರು ಹಿಂದಿನಿಂದ ನೋಡುತ್ತಾ ಹೇಳಲಿ, ಇನ್ನೊಬ್ಬರು ತಿರುಗಿಸಲಿ. ಒಬ್ಬರೇ ಇದ್ದರೆ ಮೊಬೈಲನ್ನು ಹಿಂದೆ ನಿಲ್ಲಿಸಿ ಕ್ಯಾಮೆರಾ ಪರದೆಯನ್ನು ಹಿಗ್ಗಿಸಿ ನೋಡಬಹುದು.

ಗೆರೆಗಳು ಕೂಡಿದವು ಎಂದುಕೊಳ್ಳೋಣ. ಬಿಗಿಸಿದೊಡನೆ ಮತ್ತೆ ಓರೆ. ಇದು ಎಲ್ಲರಿಗೂ ಆಗುವುದೇ. ಸೀಳುಬಾಯಿಯ ಕ್ಲಾಂಪ್‌ನಲ್ಲಿ ಒಂದು ಬದಿಯ ತುಟಿ ಮೊದಲು ತೋಳನ್ನು ಕಚ್ಚಿಕೊಂಡು, ಇನ್ನೊಂದು ತುಟಿ ಅದರ ಕಡೆಗೆ ಸರಿಯುತ್ತದೆ, ಜೊತೆಗೆ ಇಡೀ ಬ್ಲಾಕ್ ಆ ಕಡೆ ತಿರುಗುತ್ತದೆ. ಗ್ರಬ್ ಸ್ಕ್ರೂ ಆದರೆ ಹಳೆಯ ಬಿಗಿತದಲ್ಲಿ ತೋಳಿನ ಮೇಲೆ ಕೊರೆದ ಗುಳಿ ಇರುತ್ತದೆ. ಹೊಸ ಜಾಗ ಗುಳಿಯ ಅಂಚಿನಲ್ಲಿದ್ದರೆ ಸ್ಕ್ರೂ ಜಾರಿ ಗುಳಿಯೊಳಕ್ಕೇ ಹೋಗಿ ಬೀಳುತ್ತದೆ. ನೀವು ಎಷ್ಟು ಸಲ ತಿರುಗಿಸಿದರೂ ಅದೇ ಓರೆಗೆ ಮರಳುತ್ತಿದ್ದರೆ ಕಾರಣ ಈ ಗುಳಿಯೇ.

ಕ್ಲಾಂಪ್‌ಗೆ ಪರಿಹಾರ: ಎರಡು ಸ್ಕ್ರೂ ಇದ್ದರೆ ಒಂದನ್ನು ಪೂರ್ತಿ ಬಿಗಿಸಿ ಇನ್ನೊಂದಕ್ಕೆ ಹೋಗಬೇಡಿ. ಅರ್ಧ ನ್ಯೂಟನ್ ಮೀಟರ್‌ನ ಹಂತಗಳಲ್ಲಿ ಅದಲು ಬದಲಾಗಿ ಬಿಗಿಸಿ, ಪ್ರತಿ ಹಂತಕ್ಕೂ ಸ್ಕೇಲ್ ನೋಡಿ. ಪ್ರತಿ ಸಲವೂ ಒಂದೇ ಕಡೆಗೆ ಒಂದೇ ಅಳತೆ ಎಳೆಯುತ್ತಿದ್ದರೆ, ಮೊದಲೇ ಅಷ್ಟೇ ಅಳತೆ ವಿರುದ್ಧ ದಿಕ್ಕಿಗೆ ತಿರುಗಿಸಿಟ್ಟು ಬಿಗಿಸಿ. ಗುಳಿಗೆ ಪರಿಹಾರ: ಬ್ಲಾಕನ್ನು ಒಂದೆರಡು ಮಿ.ಮೀ. ಹಿಂದಕ್ಕೆ ಸರಿಸಿ ಗುಳಿಯಿಲ್ಲದ ಜಾಗದಲ್ಲಿ ಸ್ಕ್ರೂ ಕೂರಿಸುವುದು. ಮುಂದಕ್ಕೆ ಬೇಡ, ಫ್ರಂಟ್ ಸೈಟ್ ನಳಿಕೆಯ ತುದಿ ದಾಟಿದರೆ ಸ್ಪರ್ಧೆಯ ಉಪಕರಣ ತಪಾಸಣೆಯಲ್ಲಿ ತಡೆಯುತ್ತಾರೆ. ಗುಳಿಯ ಮೇಲೆ ತೆಳು ಹಿತ್ತಾಳೆ ಚೂರು ಇಟ್ಟು ಬಿಗಿಸುವ ರೂಢಿಯೂ ಇದೆ. ಅದು ತಾತ್ಕಾಲಿಕ, ಕಂಪನಕ್ಕೆ ಕದಲುತ್ತದೆ.

ಎಷ್ಟು ಬಿಗಿಸಬೇಕು? ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇರುವ ಅಂಕಿಯೇ ಅಂತಿಮ. ಅಲ್ಯುಮಿನಿಯಂನಲ್ಲಿ ಕೂರುವ 4 ಮಿ.ಮೀ. ಸ್ಕ್ರೂಗೆ 2 ನ್ಯೂಟನ್ ಮೀಟರ್ ಆಸುಪಾಸು ಸಾಕು. ಮರೆ ಅಂಟಿನ ಹನಿ ಹಾಕುವುದಾದರೆ ಸುಲಭವಾಗಿ ಬಿಚ್ಚಲು ಬರುವ ಬಗೆಯದನ್ನೇ, ಸೂಜಿಮೊನೆಯಷ್ಟು ಹಾಕಿ, ಅದೂ ಎಲ್ಲ ಪರೀಕ್ಷೆ ಮುಗಿದ ಮೇಲೆ.

ಕೊನೆಯಲ್ಲಿ ತೋಳಿನ ತುದಿಯ ಮುಚ್ಚಳ ನೋಡಿ. ಬ್ಯಾರೆಲ್ ತೋಳಿನೊಳಗೆ ಎಲ್ಲಿ ತಾಗಬೇಕೋ ಅಲ್ಲಿ ಮಾತ್ರ ತಾಗಬೇಕು. ತೋಳು ಮತ್ತು ಸಿಲಿಂಡರ್ ನಡುವೆ ತೆಳು ಕಾಗದ ಅಡೆತಡೆಯಿಲ್ಲದೆ ಓಡಾಡಬೇಕು. ತುಂಬಿದ ಸಿಲಿಂಡರ್ ಒತ್ತಡಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಒತ್ತಡ ಇಳಿದಂತೆ ಕುಗ್ಗುತ್ತದೆ. ತಾಗಿಕೊಂಡಿದ್ದರೆ ಅರವತ್ತು ಹೊಡೆತದ ಸ್ಪರ್ಧೆಯ ಉದ್ದಕ್ಕೂ ಗ್ರೂಪ್ ನಿಧಾನವಾಗಿ ಒಂದು ಕಡೆ ಜರುಗುತ್ತಾ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ರಿಯರ್ ಸೈಟ್ ಮತ್ತು ಉಂಗುರ

ಸೈಟ್‌ಗಳನ್ನು ಹಾಕಿ. ರಿಯರ್ ಸೈಟಿನ ಕ್ಲಾಂಪ್ ಹಳಿಯ ಎರಡೂ ಬದಿ ಪೂರ್ತಿ ಕಚ್ಚಿದೆಯೇ ನೋಡಿ. ಒಂದು ಬದಿ ಮೇಲೆ ಹತ್ತಿ ಕೂತರೆ ಇಡೀ ಸೈಟ್ ವಾಲುತ್ತದೆ. ಎತ್ತರಿಸುವ ರೈಸರ್ ಹಾಕಿದ್ದರೆ ಅದನ್ನೂ ಹೀಗೇ ನೋಡಬೇಕು, ಹಿಂದಿನದು ಮುಂದಿನದು ಎರಡನ್ನೂ.

ಈಗ ಫ್ರಂಟ್ ಸೈಟಿನೊಳಗಿನ ಉಂಗುರ. ಹಲವು ಉಂಗುರಗಳಿಗೆ ಎರಡು ಬದಿಯಲ್ಲಿ ಅಡ್ಡಪಟ್ಟಿ ಇರುತ್ತದೆ, ರೈಫಲ್ ವಾಲಿದ್ದು ಕಣ್ಣಿಗೆ ಗೊತ್ತಾಗಲೆಂದು. ಉಂಗುರವನ್ನು ಕೂರಿಸುವಾಗ ಅದು ಸ್ವಲ್ಪ ತಿರುಗಿ ಕೂತರೆ ಪಟ್ಟಿಯೂ ಓರೆ. ಶೂಟರ್‌ನ ಕಣ್ಣು ಪಟ್ಟಿಯನ್ನು ಸಮ ಮಾಡಲು ಹೋಗಿ ರೈಫಲನ್ನೇ ವಾಲಿಸುತ್ತದೆ, ಅದು ಅವರಿಗೆ ತಿಳಿಯುವುದೂ ಇಲ್ಲ. ಎರಡು ಮೂರು ಮೀಟರ್ ದೂರದಲ್ಲಿ ನಟ್ಟು ಕಟ್ಟಿದ ದಾರ ಇಳಿಬಿಟ್ಟು, ವೈಸ್‌ನಲ್ಲಿ ನೆಟ್ಟಗೆ ನಿಂತ ರೈಫಲ್‌ನ ರಿಯರ್ ಸೈಟ್ ಮೂಲಕ ನೋಡಿ. ದಾರ ಉಂಗುರವನ್ನು ಮೇಲಿನಿಂದ ಕೆಳಗೆ ಸರಿಯಾಗಿ ಎರಡು ಭಾಗ ಮಾಡಬೇಕು, ಪಟ್ಟಿಗಳು ದಾರಕ್ಕೆ ಲಂಬವಾಗಿರಬೇಕು.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ನಿಂತು ಹೊಡೆಯುವ ಬಹಳಷ್ಟು ಒಳ್ಳೆಯ ಶೂಟರ್‌ಗಳು ರೈಫಲನ್ನು ಬೇಕೆಂದೇ ತಲೆಯ ಕಡೆಗೆ ವಾಲಿಸಿ ಹಿಡಿಯುತ್ತಾರೆ, ಕತ್ತು ನೆಟ್ಟಗೆ ಉಳಿಯಲೆಂದು. ಅದು ತಪ್ಪಲ್ಲ. ಅಂಥವರ ರೈಫಲ್ ವೈಸ್‌ನಲ್ಲಿ ನೆಟ್ಟಗಿದ್ದಾಗ ಸೈಟ್‌ಗಳು ಓರೆಯಾಗಿ ಕಾಣಬಹುದು, ಏಕೆಂದರೆ ವಾಲಿಸಿ ಹಿಡಿದಾಗ ಸೈಟ್‌ಗಳು ಬ್ಯಾರೆಲ್ ಮೇಲೆ ನೇರ ಬರಲೆಂದು ರೈಸರ್‌ಗಳನ್ನು ತಿರುಗಿಸಿಟ್ಟಿರುತ್ತಾರೆ. ಬೇರೆಯವರ ರೈಫಲ್ ಕೈಗೆ ಬಂದಾಗ ಕೇಳದೆ ಸರಿಪಡಿಸಲು ಹೋಗಬೇಡಿ. ಬೇಕಾಗಿರುವುದು ಶೂನ್ಯ ವಾಲಿಕೆಯಲ್ಲ, ಪ್ರತಿ ಹೊಡೆತಕ್ಕೂ ಒಂದೇ ವಾಲಿಕೆ, ಮತ್ತು ಹಿಂದಿನ ಸೈಟ್ ಮುಂದಿನ ಸೈಟ್ ಎರಡಕ್ಕೂ ಅದೇ ವಾಲಿಕೆ.

ಐದನೇ ಹೆಜ್ಜೆ: ಸ್ಟಾಕ್ ಸ್ಕ್ರೂ

ರಿಸೀವರನ್ನು ಸ್ಟಾಕ್‌ಗೆ ಹಿಡಿಸುವ ಸ್ಕ್ರೂಗಳನ್ನು ಬೆರಳಿನಿಂದ ಕೂರಿಸಿ, ರೈಫಲನ್ನು ಬಟ್ ಕೆಳಗೆ ಬರುವಂತೆ ನಿಲ್ಲಿಸಿ ಒಮ್ಮೆ ಮೆಲ್ಲಗೆ ನೆಲಕ್ಕೆ ತಟ್ಟಿ. ರಿಸೀವರ್ ತನ್ನ ಜಾಗಕ್ಕೆ ಇಳಿಯುತ್ತದೆ. ಆಮೇಲೆ ಮುಂದಿನದು, ಹಿಂದಿನದು ಎಂದು 1 ನ್ಯೂಟನ್ ಮೀಟರ್ ಹಂತದಲ್ಲಿ ಏರಿಸುತ್ತಾ ಹೋಗಿ. ಕೊನೆಯ ಅಂಕಿ ಕೈಪಿಡಿಯಿಂದ ತೆಗೆದುಕೊಳ್ಳಿ. 5 ಆಸುಪಾಸು ಹಲವು ರೈಫಲ್‌ಗಳಲ್ಲಿ ಕಾಣುವ ಅಂಕಿ.

ಒಳ ಒತ್ತಡ ಇದೆಯೇ ಎಂದು ನೋಡಲು: ಬಿಗಿಸಿದ ಮೇಲೆ ರಿಸೀವರ್ ಮತ್ತು ಸ್ಟಾಕ್ ಸೇರುವ ಅಂಚಿನ ಮೇಲೆ ಬೆರಳಿಟ್ಟು ಮುಂದಿನ ಸ್ಕ್ರೂ ಸಡಿಲಿಸಿ. ಬೆರಳಿಗೆ ಏಳುವಿಕೆ ತಗುಲಿದರೆ ರಿಸೀವರ್ ಬಾಗಿ ಕೂತಿತ್ತು ಎಂದರ್ಥ. ಅಲ್ಯುಮಿನಿಯಂ ಸ್ಟಾಕ್‌ನಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ನಡುವೆ ಸಿಕ್ಕಿದ ಕಸ ಅಥವಾ ಬಣ್ಣದ ಗಂಟು. ಮರದ ಸ್ಟಾಕ್‌ನಲ್ಲಿ ಮರವೇ ಕಾರಣ. ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿದ ಮರ ಬಳ್ಳಾರಿಯ ಬೇಸಿಗೆಯಲ್ಲಿ ಕುಗ್ಗುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಮರದ ಸ್ಟಾಕ್ ಇರುವವರು ಋತು ಬದಲಾದಾಗಲೆಲ್ಲ ಟಾರ್ಕ್ ನೋಡಲೇಬೇಕು.

ಹೊಡೆದು ನೋಡುವುದು

ಸಿಲಿಂಡರ್ ಹಾಕಿ, ಮರಳಿನ ಚೀಲದ ಮೇಲೆ ಇಟ್ಟು ಹೊಡೆಯಿರಿ. ನಿಂತು ಹೊಡೆದು ಜೋಡಣೆಯನ್ನು ಅಳೆಯಲಾಗದು. ಟಾರ್ಗೆಟ್ ಕಾಗದದ ಹಿಂದೆ ದಾರ ಇಳಿಬಿಟ್ಟು ಅದರ ಗುಂಟ ನೆಟ್ಟಗೆರೆ ಎಳೆದುಕೊಳ್ಳಿ. ಮೊದಲ ಹತ್ತು ಹೊಡೆತ ಲೆಕ್ಕಕ್ಕಿಲ್ಲ, ಹೊಸದಾಗಿ ಬಿಗಿಸಿದ ಭಾಗಗಳು ಕೂರಲು ಬೇಕು. ಆಮೇಲೆ ಐದೈದರ ಗ್ರೂಪ್. ಒಳ್ಳೆಯ ಪೆಲೆಟ್ ಹಾಕಿದ ಮ್ಯಾಚ್ ರೈಫಲ್‌ನಲ್ಲಿ ಐದು ರಂಧ್ರ ಸೇರಿ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಒಳಗೆ ಬರಬೇಕು.

ರಿಯರ್ ಸೈಟ್ ನಡುವಿನಲ್ಲಿ ಇದ್ದು ಗ್ರೂಪ್ ಕಪ್ಪಿನೊಳಗೆ ಬಿದ್ದರೆ ನಿಮ್ಮ ಕೆಲಸ ಫಲಿಸಿದೆ. ಉಳಿದದ್ದನ್ನು ಕ್ಲಿಕ್‌ಗೆ ಬಿಡಿ. ಒಂದು ಕ್ಲಿಕ್ ಎಷ್ಟು ಸರಿಸುತ್ತದೆ ಎಂಬುದನ್ನು ಕೇಳಿ ತಿಳಿಯುವ ಬದಲು ಅಳೆಯಿರಿ: ಐದು ಹೊಡೆದು, 20 ಕ್ಲಿಕ್ ತಿರುಗಿಸಿ, ಮತ್ತೆ ಐದು ಹೊಡೆದು, ಎರಡು ಗ್ರೂಪ್‌ಗಳ ನಡುವಿನ ದೂರವನ್ನು 20ರಿಂದ ಭಾಗಿಸಿ. ಜರ್ಮನ್ ಸೈಟ್‌ಗಳಲ್ಲಿ ಸಾಮಾನ್ಯವಾಗಿ ಗುಂಡು ಮೇಲೆ ಅಥವಾ ಬಲಕ್ಕೆ ಬಿದ್ದರೆ ಗಡಿಯಾರದ ದಿಕ್ಕಿಗೆ ತಿರುಗಿಸುವುದು. ಈ ಅಳತೆ ಮಾಡುವಾಗ ಅದೂ ಖಚಿತವಾಗುತ್ತದೆ.

ನಂತರ ಚೌಕ ಪರೀಕ್ಷೆ. 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ, ಪ್ರತಿ ಮೂಲೆಗೂ ಮೂರು ಹೊಡೆತ. ಕೊನೆಯ ಗ್ರೂಪ್ ಮೊದಲನೆಯದರ ಮೇಲೆಯೇ ಬೀಳಬೇಕು. ಬೀಳದಿದ್ದರೆ ಸೈಟಿನ ಮರೆಯಲ್ಲಿ ಸಡಿಲವಿದೆ. ಹಳೆಯ ಸೈಟ್‌ಗಳಲ್ಲಿ ದಿಕ್ಕು ಬದಲಿಸುವಾಗ ಎರಡು ಕ್ಲಿಕ್ ಮುಂದೆ ಹೋಗಿ ಎರಡು ಹಿಂದೆ ಬರುವ ಅಭ್ಯಾಸ ಮಾಡಿಕೊಂಡರೆ ಇದನ್ನು ನಿಭಾಯಿಸಬಹುದು. ಸೈಟಿನ ಸಣ್ಣ ಓರೆ ಮಾತ್ರ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಅದಕ್ಕೆ ದಾರವೇ ಬೇಕು.

ಗ್ರೂಪ್‌ನ ಆಕಾರ ಏನು ಹೇಳುತ್ತದೆ

ಎರಡು ಪ್ರತ್ಯೇಕ ಗುಂಪಾಗಿ ಬಿದ್ದರೆ ಯಾವುದೋ ಒಂದು ಭಾಗ ಎರಡು ಜಾಗಗಳ ನಡುವೆ ಓಲಾಡುತ್ತಿದೆ. ಸ್ಟಾಕ್ ಸ್ಕ್ರೂ, ರಿಯರ್ ಸೈಟ್ ಕ್ಲಾಂಪ್, ಫ್ರಂಟ್ ಬ್ಲಾಕ್, ಈ ಕ್ರಮದಲ್ಲಿ ನೋಡಿ.

ಮೇಲೆ ಕೆಳಗೆ ಉದ್ದವಾಗಿ ಚೆಲ್ಲಿದರೆ ಅದು ಓರೆಯ ತೊಂದರೆಯಲ್ಲ, ವೇಗದ್ದು. ಸೆಕೆಂಡಿಗೆ 5 ಮೀಟರ್ ವೇಗ ಬದಲಾದರೆ 10 ಮೀಟರ್‌ನಲ್ಲಿ ಸುಮಾರು 1 ಮಿ.ಮೀ. ಎತ್ತರ ಬದಲಾಗುತ್ತದೆ. ಸಿಲಿಂಡರ್‌ನ ಒತ್ತಡ ತೀರಾ ಇಳಿದಿದೆಯೇ, ಪೆಲೆಟ್‌ನ ಅಂಚು ಜಜ್ಜಿದೆಯೇ, ತಲೆಯ ಅಳತೆ ಒಂದೇ ಇದೆಯೇ ನೋಡಿ. 4.49, 4.50, 4.51 ಎಂದು ಡಬ್ಬಿಯ ಮೇಲೆ ಬರೆದಿರುವ ಅಳತೆಗಳನ್ನು ಬೆರೆಸಬೇಡಿ. ಎಲ್ಲ ಸರಿಯಿದ್ದೂ ಹೋಗದಿದ್ದರೆ ರೆಗ್ಯುಲೇಟರ್, ಅದು ಆರ್ಮರರ್‌ಗೆ. ವೇಗ ಹೆಚ್ಚಿಸಿ ಸರಿಮಾಡುತ್ತೇನೆ ಎನ್ನುವ ಸಲಹೆ ಕೇಳಿಬಂದರೆ ಕಿವಿಗೊಡಬೇಡಿ. ಈ ರೈಫಲ್‌ಗಳನ್ನು 7.5 ಜೂಲ್ ಶಕ್ತಿಗೆ ಹೊಂದಿಸಿ ಮಾಡಿರುತ್ತಾರೆ, ನಿಖರತೆ ಇರುವುದೂ ಅಲ್ಲೇ.

ಅಡ್ಡಡ್ಡ ಚೆಲ್ಲಿದರೆ ವಾಲಿಕೆ ಪ್ರತಿ ಸಲ ಬೇರೆಯಾಗುತ್ತಿದೆ ಅಥವಾ ಕೆನ್ನೆ ಒತ್ತುವ ಬಲ ಬೇರೆಯಾಗುತ್ತಿದೆ. ಅದೇ ರೈಫಲನ್ನು ಇನ್ನೊಬ್ಬರಿಗೆ ಕೊಟ್ಟು ಹೊಡೆಸಿ. ಅವರದು ದುಂಡಗೆ ಬಂದರೆ ರೈಫಲ್ ನಿರ್ದೋಷಿ.

ಇನ್ನು ಮೊದಲು ಹೇಳಿದ, ಬ್ಯಾರೆಲ್ ರಿಸೀವರ್‌ಗೆ ಸೇರುವ ಕೀಲಿನ ವಿಷಯ. ಎರಡು ಸ್ಕೇಲ್ ಸಮವಾಗಿವೆ, ದಾರ ಉಂಗುರವನ್ನು ಸರಿಯಾಗಿ ಸೀಳುತ್ತದೆ, ಸ್ಟಾಕ್‌ನಲ್ಲಿ ಒತ್ತಡ ಇಲ್ಲ, ಗ್ರೂಪ್ ಬಿಗಿಯಾಗಿದೆ. ಆದರೂ ರಿಯರ್ ಸೈಟ್ ಒಂದು ಬದಿಯ ಕೊನೆಗೆ ಹೋಗಲೇಬೇಕು. ಹಾಗಿದ್ದರೆ ಬ್ಯಾರೆಲ್ಲೇ ರಿಸೀವರ್‌ಗೆ ನೇರವಾಗಿಲ್ಲ, ಅಥವಾ ಬಿದ್ದು ಬಾಗಿದೆ. ರಿಯರ್ ಸೈಟ್ 1 ಮಿ.ಮೀ. ಸರಿದರೆ ಟಾರ್ಗೆಟ್‌ನಲ್ಲಿ 14 ಮಿ.ಮೀ. ಎಂಬ ಲೆಕ್ಕದಿಂದ ತಪ್ಪು ಎಷ್ಟೆಂದು ಬರೆದು, ಗ್ರೂಪ್‌ನ ಕಾಗದದ ಸಮೇತ ಆರ್ಮರರ್‌ಗೆ ಕೊಡಿ. ಏನು ಮಾಡಿದಿರಿ, ಏನು ಕಂಡಿತು ಎಂಬ ಟಿಪ್ಪಣಿ ಜೊತೆಗಿದ್ದರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

ಕ್ಲಬ್‌ನ ಸ್ಪ್ರಿಂಗ್ ರೈಫಲ್‌ಗಳು

ಮಡಚುವ ಬ್ಯಾರೆಲ್‌ನ ರೈಫಲ್‌ಗಳಲ್ಲಿ ರಿಯರ್ ಸೈಟ್ ಬ್ಯಾರೆಲ್ ಬುಡದಲ್ಲೇ ಇದ್ದರೆ ಕೀಲಿನ ಸಡಿಲ ಅಷ್ಟಾಗಿ ಕಾಡದು. ರಿಸೀವರ್ ಮೇಲೆ ಡಯಾಪ್ಟರ್ (ಸಣ್ಣ ಕಿಂಡಿಯ ರಿಯರ್ ಸೈಟ್) ಹಾಕಿದ್ದರೆ ಕೀಲೇ ಎಲ್ಲ. ಪೆಲೆಟ್ ಹಾಕದೆ ಬ್ಯಾರೆಲ್ ಮುಚ್ಚಿ, ತುದಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಕೈಗೆ ಅಲುಗಾಟ ತಗುಲಿದರೆ ಕೀಲಿನ ಬೋಲ್ಟ್ ಬಿಗಿಸುವವರೆಗೆ ಸೈಟ್ ಮುಟ್ಟುವುದರಲ್ಲಿ ಅರ್ಥವಿಲ್ಲ. ಸರಿಯಾದ ಬಿಗಿತಕ್ಕೆ ಗುರುತು: ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಬ್ಯಾರೆಲ್ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲಬೇಕು, ತಾನಾಗಿ ಕೆಳಗೆ ಬೀಳಬಾರದು. ಇದನ್ನು ನೋಡುವಾಗ ಒಂದು ಕೈ ಬ್ಯಾರೆಲ್ ಬಿಡಬಾರದು, ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಜಾರಿದ ಬ್ಯಾರೆಲ್ ಬೆರಳು ಮುರಿಯುವ ಬಲದಿಂದ ಮೇಲೇಳುತ್ತದೆ.

ಪ್ರಯಾಣದ ನಂತರ

ಎಲ್ಲ ಸರಿಹೋದ ಮೇಲೆ ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ಬಣ್ಣದ ಸಣ್ಣ ಗೆರೆ ಎಳೆಯಿರಿ. ಸ್ಕ್ರೂ ಕದಲಿದರೆ ಗೆರೆ ಮುರಿದು ಕಾಣುತ್ತದೆ. ನೋಟ್‌ಬುಕ್‌ನಲ್ಲಿ ಪ್ರತಿ ಸ್ಕ್ರೂವಿನ ಟಾರ್ಕ್, ಎರಡೂ ಗುಂಡಿಗಳು ಕೊನೆಯಿಂದ ಎಷ್ಟು ಕ್ಲಿಕ್‌ನಲ್ಲಿವೆ, ಉಂಗುರದ ಅಳತೆ, ಪೆಲೆಟ್‌ನ ತಲೆ ಅಳತೆ, ಹಳಿಯ ಮೇಲೆ ರಿಯರ್ ಸೈಟ್ ಕೂತ ಜಾಗ ಬರೆದಿಡಿ.

ರಾತ್ರಿ ಬಸ್ಸಿನಲ್ಲಿ, ರೈಲಿನಲ್ಲಿ ಬಂದ ರೈಫಲ್ ನಿನ್ನೆಯ ಸ್ಥಿತಿಯಲ್ಲೇ ಇದೆ ಎಂದು ನಂಬುವಂತಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ಗೆ ಮುನ್ನ ಅಭಿನವ್ ಬಿಂದ್ರಾ ಹೊಡೆದ ಮೊದಲ ಸೈಟಿಂಗ್ ಶಾಟ್ (ಅಂಕಕ್ಕೆ ಸೇರದ, ಗುರಿ ಹೊಂದಿಸುವ ಹೊಡೆತ) ನಾಲ್ಕಕ್ಕೆ ಬಿದ್ದಿತ್ತು; ಸೈಟ್ ಕದಲಿತ್ತು ಎಂದು ಅವರು ಆಮೇಲೆ ಹೇಳಿದ್ದಾರೆ. ಸೈಟಿಂಗ್ ಸಮಯದಲ್ಲೇ ಅದನ್ನು ಸರಿಮಾಡಿಕೊಂಡು ಫೈನಲ್‌ನಲ್ಲಿ 104.5 ಹೊಡೆದು ಒಟ್ಟು 700.5ಕ್ಕೆ ಚಿನ್ನ ಗೆದ್ದರು. ಹೊಡೆತದ ತಪ್ಪೋ ಸೈಟಿನ ತಪ್ಪೋ ಎಂದು ಕೆಲವೇ ನಿಮಿಷದಲ್ಲಿ ತೀರ್ಮಾನಿಸಲು ಶೂಟರ್‌ಗೆ ತನ್ನ ರೈಫಲ್‌ನ ಜೋಡಣೆಯ ಮೇಲೆ ಪೂರ್ತಿ ಭರವಸೆ ಇರಬೇಕು.

ಸ್ಪರ್ಧೆಯ ಊರಿಗೆ ಇಳಿದ ಕೂಡಲೇ ಬಣ್ಣದ ಗೆರೆಗಳನ್ನು ನೋಡಿ, ಕ್ಲಿಕ್ ಎಣಿಕೆ ನೋಟ್‌ಬುಕ್ ಜೊತೆ ತಾಳೆ ಹಾಕಿ, ತಪಾಸಣೆಗೆ ಕೊಡುವ ಮುಂಚೆಯೇ ಟಾರ್ಕ್ ಪರೀಕ್ಷಿಸಿ. ಬರೀ ಐದು ಹೊಡೆತದ ಒಂದು ಗ್ರೂಪ್ ನೋಡಿ ಸೈಟ್ ತಿರುಗಿಸಬೇಡಿ, ಎರಡನೇ ಗ್ರೂಪ್ ಅದೇ ಜಾಗದಲ್ಲಿ ಬಿದ್ದರೆ ಮಾತ್ರ ತಿರುಗಿಸಿ.